ಎಲ್ಲರೂ ಅಡ್ಮಿನ್

ಚೆನ್ನೈಯಿಂದ ಅಂಡಮಾನಿಗೆ ಕಡಲ ತಳದಲ್ಲಿ ಕೇಬಲ್ ಹಾಸಿದ್ದಾರೆ. ಸುಮಾರು 2300 ಕಿಲೋಮೀಟರ್ ಉದ್ದ, 1224 ಕೋಟಿ ರೂಪಾಯಿ ಖರ್ಚು. 2020ರ ಆಗಸ್ಟ್ 10ರಂದು ಪ್ರಧಾನಿಯವರೇ ಉದ್ಘಾಟಿಸಿದರು. ಈಗ ಶ್ರೀ ವಿಜಯಪುರಂ ಆಗಿರುವ ಅಂದಿನ ಪೋರ್ಟ್ ಬ್ಲೇರಿನಲ್ಲಿ ಕೂತವನು ಚೆನ್ನೈನ ಮಾಹಿತಿಯನ್ನು ರೆಪ್ಪೆ ಬಡಿಯುವುದರೊಳಗೆ ತರಿಸಿಕೊಳ್ಳಬಹುದು. ಅದೇ ಚೆನ್ನೈನ ಜಾರ್ಜ್‌ಟೌನಿನಲ್ಲಿ, ಒಂದು ಹಳೇ ಕಟ್ಟಡದ ಮೊದಲ ಮಹಡಿಯಲ್ಲಿ, ಬಿಲ್ಲಿಂಗ್ ಕೌಂಟರಿನಿಂದ ಅಕೌಂಟೆಂಟರ ಮೇಜಿಗೆ ಹದಿನೈದು ಅಡಿ ದೂರ. ಒಂದು ಪಾರ್ಟಿಯ ಬಾಕಿ ಎಷ್ಟೆಂಬುದು ಈ ಹದಿನೈದು ಅಡಿ ದಾಟಿ ಪರದೆಗೆ ಬರುವಷ್ಟರಲ್ಲಿ, ಪಾರ್ಟಿಯೇ ಮೆಟ್ಟಿಲಿಳಿದು ಬೀದಿಯಂಚಿನಲ್ಲಿ ಟೀ ಕುಡಿದು, ಬಾಕಿ ಕೊಡುವ ಮನಸ್ಸನ್ನೂ ಬದಲಾಯಿಸಿಕೊಂಡು ಬಂದಿರುತ್ತಾನೆ.

"ಸುತ್ತುದು ಸಾರ್" ಎನ್ನುತ್ತಾಳೆ ಕೌಂಟರಿನ ಹುಡುಗಿ. ಪರದೆಯ ಮೇಲಿನ ಚಕ್ರ ಸುತ್ತುತ್ತಿದೆ ಎಂದು.

"ಎಂತ ಮಾರಾಯ್ತಿ, ನಿನ್ನೆಯಿಂದ ಸುತ್ತುತ್ತಾ ಉಂಟಲ್ಲ!" ಎನ್ನುತ್ತಾರೆ ಯಜಮಾನರು.

ಇದು ಯಾವ ಕಚೇರಿ ಎಂದು ಹುಡುಕಲು ಹೋಗಬೇಡಿ. ತಂಬು ಚೆಟ್ಟಿ ಬೀದಿಯಿಂದ ಗಿಂಡಿ ಕೈಗಾರಿಕಾ ಪ್ರದೇಶದವರೆಗೆ ಇಂಥವು ಬೇಕಾದಷ್ಟಿವೆ. ನಾಲ್ಕಾರನ್ನು ಕಲಸಿ ಒಂದು ಮಾಡಿದ್ದೇನೆ. ಯಜಮಾನರು ಮಾತ್ರ ನಮ್ಮವರೇ, ಕುಂದಾಪುರದ ಕಡೆಯವರು. ಕೃಷ್ಣರಾಯರು 1938ರಲ್ಲಿ ರಾಯಪೇಟೆಯಲ್ಲಿ ವುಡ್‌ಲ್ಯಾಂಡ್ಸ್ ಹೋಟೆಲು ತೆರೆದ ಮೇಲೆ ಕರಾವಳಿಯಿಂದ ಮದರಾಸಿನ ರೈಲು ಹತ್ತಿದವರೆಲ್ಲ ಹೋಟೆಲನ್ನೇ ಇಡಲಿಲ್ಲ. ಕೆಲವರು ಹೋಟೆಲುಗಳಿಗೆ ಸಾಮಾನು ಒದಗಿಸುವ ಅಂಗಡಿ ಇಟ್ಟರು. ಪಾತ್ರೆ, ಗ್ರೈಂಡರು, ಇಡ್ಲಿ ಸ್ಟೀಮರು, ದೋಸೆ ಕಾವಲಿ. ಮೂರು ತಲೆಮಾರಿನ ಲೆಕ್ಕ ಮೊದಲು ಕೆಂಪು ಬಟ್ಟೆಯ ಕಡತದಲ್ಲಿತ್ತು, ಆಮೇಲೆ ಡಾಸ್ ಕಾಲದ ಫಾಕ್ಸ್‌ಪ್ರೋದಲ್ಲಿ, ಈಗ ಮೈಕ್ರೋಸಾಫ್ಟ್ ಆಕ್ಸೆಸ್ ಎಂಬ ಡೇಟಾಬೇಸ್ ತಂತ್ರಾಂಶದ ಒಂದೇ ಒಂದು ಫೈಲಿನಲ್ಲಿ.

ಆಕ್ಸೆಸ್ ಬಂದದ್ದು 1992ರ ನವೆಂಬರಿನಲ್ಲಿ. ಅದೇ ವರ್ಷ ಮೈಕ್ರೋಸಾಫ್ಟ್ ಫಾಕ್ಸ್‌ಪ್ರೋ ಮಾಡುತ್ತಿದ್ದ ಕಂಪನಿಯನ್ನೂ ಕೊಂಡುಕೊಂಡಿತು. ಒಂದು ಕೂಸನ್ನು ಹೆತ್ತು, ಇನ್ನೊಂದನ್ನು ದತ್ತು ತೆಗೆದುಕೊಂಡ ಮನೆಯಲ್ಲಿ ಏನಾಗುತ್ತದೋ ಅದೇ ಆಯಿತು. ಫಾಕ್ಸ್‌ಪ್ರೋಗೆ 2004ರಲ್ಲಿ ಬಂದ ಒಂಬತ್ತನೇ ಆವೃತ್ತಿಯೇ ಕೊನೆ. 2015ರ ಜನವರಿಗೆ ಅದರ ಆರೈಕೆಯೂ ನಿಂತಿತು. ನಮ್ಮ ಕಚೇರಿ ಇದನ್ನೆಲ್ಲ ಮೊದಲೇ ಕಂಡುಕೊಂಡು ಆಕ್ಸೆಸ್ಸಿಗೆ ಬಂತು ಎಂದುಕೊಳ್ಳಬೇಡಿ. ಯಜಮಾನರ ಸೋದರಳಿಯ ಎಂಸಿಎ ಓದುತ್ತಿದ್ದ, ಅವನಿಗೊಂದು ಪ್ರಾಜೆಕ್ಟ್ ಬೇಕಿತ್ತು. ಪ್ರಾಜೆಕ್ಟಿಗೆ ಅಂಕ ಬಂತು, ಅಂಕಕ್ಕೆ ಕೆಲಸ ಬಂತು, ಕೆಲಸಕ್ಕೆ ವೀಸಾ ಬಂತು. ಫೈಲು ಇಲ್ಲೇ ಉಳಿಯಿತು, ಪಾಸ್‌ವರ್ಡ್ ನ್ಯೂಜೆರ್ಸಿಗೆ ಹೋಯಿತು. ಈಗ ಕೇಳಿದರೆ, "ಮಾವ, ಅದನ್ನಿನ್ನೂ ಇಟ್ಟುಕೊಂಡಿದ್ದೀರಾ? ಬಿಸಾಕಿ, ಕ್ಲೌಡಿಗೆ ಹೋಗಿ" ಎಂದು ವಾಟ್ಸ್ಆ್ಯಪಿನಲ್ಲಿ ಒಂದು ಸಾಲು ಬರೆದು, ಕೆಳಗೆ ಎರಡು ಕೈ ಮುಗಿಯುತ್ತಾನೆ.

ಒಬ್ಬನಿಗೆಂದು ಮಾಡಿದ ಫೈಲನ್ನು ಈಗ ಹನ್ನೆರಡು ಮಂದಿ ತೆರೆದು ಕೂತಿದ್ದಾರೆ. ಇದರಲ್ಲಿ ಕಾನೂನುಬಾಹಿರವೇನೂ ಇಲ್ಲ. ಏಕಕಾಲಕ್ಕೆ 255 ಮಂದಿ ಬಳಸಬಹುದು ಎಂದು ಕಂಪನಿಯೇ ಬರೆದಿಟ್ಟಿದೆ, ಯಜಮಾನರಿಗೆ ಈ ಅಂಕಿ ಬಾಯಿಪಾಠ. ಫೈಲಿನ ಗಾತ್ರ 2 ಜಿಬಿ ದಾಟುವಂತಿಲ್ಲ ಎಂದೂ ಅದೇ ಪಟ್ಟಿಯಲ್ಲಿದೆ, ಅದನ್ನು ಯಾರೂ ಓದಿಲ್ಲ.

ಫೈಲು ಇರುವ ಯಂತ್ರವನ್ನು ಎಲ್ಲರೂ 'ಸರ್ವರ್' ಎನ್ನುತ್ತಾರೆ. ಅದು ಅಕೌಂಟೆಂಟರ ಸ್ವಂತ ಕಂಪ್ಯೂಟರು. ಅವರದರಲ್ಲಿ ಟ್ಯಾಲಿ ನಡೆಯುತ್ತದೆ, ಜಿಎಸ್‌ಟಿ ರಿಟರ್ನ್ ನಡೆಯುತ್ತದೆ, ಮಧ್ಯಾಹ್ನ ಕ್ರಿಕೆಟ್ಟೂ ನಡೆಯುತ್ತದೆ. ಕರೆಂಟು ಉಳಿಯಲೆಂದು ಯಾರೋ ಅದಕ್ಕೆ ಸ್ಲೀಪ್ ಹಾಕಿಟ್ಟಿದ್ದಾರೆ. ಅಕೌಂಟೆಂಟರು ಟೀಗೆ ಹೋಗಿ ಹತ್ತು ನಿಮಿಷ ಮಾತಿಗೆ ನಿಂತರೆ ಸರ್ವರಿಗೆ ನಿದ್ದೆ ಹತ್ತಿ ಉಳಿದ ಹನ್ನೊಂದು ಯಂತ್ರಗಳಲ್ಲಿ ಹಾಹಾಕಾರವೇಳುತ್ತದೆ. ಅವರು ಓಡಿ ಬಂದು ಮೌಸ್ ಅಲುಗಾಡಿಸುತ್ತಾರೆ. ಕಂಪ್ಯೂಟರ್ ರಿಪೇರಿ ಅವರಿಗೆ ಗೊತ್ತು ಎಂಬ ಖ್ಯಾತಿ ಹುಟ್ಟಿದ್ದು ಹೀಗೆ.

ಕಾಯಿಲೆ ಏನೆಂದು ಯಜಮಾನರಿಗೆ ತಿಳಿಸುವುದು ಸುಲಭವಾಗಬೇಕಿತ್ತು, ಅವರ ಗಿರಾಕಿಗಳೆಲ್ಲ ಹೋಟೆಲಿನವರಲ್ಲವೇ. ಹೋಟೆಲಿಗೆ ಬಂದವನು ಮಸಾಲೆ ದೋಸೆ ಎನ್ನುತ್ತಾನೆ, ಮಾಣಿ ಒಳಗೆ ಕೂಗುತ್ತಾನೆ, ಭಟ್ಟರು ಹೊಯ್ದು ಕಳಿಸುತ್ತಾರೆ, ಮೇಜಿಗೆ ಬರುವುದು ದೋಸೆ ಮಾತ್ರ. ಬ್ಯಾಂಕು, ರೈಲ್ವೆ ಮೊದಲಾದವರ ಡೇಟಾಬೇಸು ನಡೆಯುವುದು ಈ ಕ್ರಮದಲ್ಲಿ. ಹಂಚಿಕೊಂಡ ಆಕ್ಸೆಸ್ ಫೈಲಿನಲ್ಲಿ ಭಟ್ಟರೇ ಇಲ್ಲ. ಅಕೌಂಟೆಂಟರ ಯಂತ್ರ ಬರೀ ಉಗ್ರಾಣ. ಅಡುಗೆ ಮಾಡುವ ಯಂತ್ರಾಂಗ ಪ್ರತಿಯೊಬ್ಬರ ಕಂಪ್ಯೂಟರಿನಲ್ಲೂ ಬೇರೆ ಬೇರೆ ಕೂತಿದೆ. ದೋಸೆ ಬೇಕೆಂದವನ ಮೇಜಿಗೆ ಅಕ್ಕಿ ಗೋಣಿ, ಉದ್ದಿನ ಗೋಣಿ ಬರುತ್ತವೆ. ಅವನೇ ಆರಿಸಿ, ನೆನೆಸಿ, ರುಬ್ಬಿ ಹೊಯ್ದುಕೊಳ್ಳಬೇಕು. ಯಾವ ಗೋಣಿಯಲ್ಲಿ ಏನಿದೆ ಎಂಬ ಚೀಟಿ, ಅಂದರೆ ಇಂಡೆಕ್ಸು, ಇದ್ದರೆ ಬೇಕಾದ ಗೋಣಿಯನ್ನಷ್ಟೇ ತರಿಸಬಹುದು. ಚೀಟಿ ಇಲ್ಲವೋ, ಹದಿನೈದು ಅಡಿ ಓಣಿಯಲ್ಲಿ ಇಡೀ ಉಗ್ರಾಣವೇ ಸಾಲುಗಟ್ಟಿ ಬರುತ್ತದೆ. ಹನ್ನೊಂದು ಮೇಜಿಗೆ, ಹನ್ನೊಂದು ಸಲ.

ಯಜಮಾನರು ಇದನ್ನು ತದೇಕಚಿತ್ತದಿಂದ ಕೇಳಿದರು. "ಹಾಗಾದರೆ ಬಾಗಿಲು ಅಗಲ ಮಾಡುವ" ಎಂದರು. ಮರುದಿನ ರಿಚಿ ಸ್ಟ್ರೀಟಿನಿಂದ ಗಿಗಾಬಿಟ್ ಸ್ವಿಚ್ಚು ಬಂತು.

ರಿಚಿ ಸ್ಟ್ರೀಟ್ ಗೊತ್ತಿಲ್ಲದವರಿಗೆ ಒಂದು ಮಾತು. ಅಣ್ಣಾ ಸಾಲೈಯಿಂದ ಒಳಕ್ಕೆ ತಿರುಗಿದರೆ ಸಿಗುವ ಎಲೆಕ್ಟ್ರಾನಿಕ್ಸ್ ಸಂತೆ ಅದು. ಅಲ್ಲಿ ಸಿಗದ ವಸ್ತುವಿಲ್ಲ, ಹಣ ಕೊಟ್ಟು ತಂದದ್ದರಿಂದ ವಾಸಿಯಾಗದ ಕಾಯಿಲೆಯೂ ಇಲ್ಲ ಎಂದು ಚೆನ್ನೈನ ಸಣ್ಣ ವ್ಯಾಪಾರಿಗಳು ನಂಬಿದ್ದಾರೆ. ನಮ್ಮ ಕಚೇರಿಯ ಚಿಕಿತ್ಸೆಯ ಚರಿತ್ರೆಯೆಲ್ಲ ಅಲ್ಲಿನ ಬಿಲ್ಲುಗಳಲ್ಲೇ ಇದೆ. ಮೊದಲು ರ‍್ಯಾಮ್ ಹಾಕಿಸಿದರು. ಆಮೇಲೆ ಸ್ವಿಚ್ಚು. ಆಮೇಲೆ ಕ್ಯಾಟ್-6 ಕೇಬಲ್, ನೀಲಿ ಬಣ್ಣದ್ದು. ಬಳಿಕ ಎಸ್‌ಎಸ್‌ಡಿ. ಪ್ರತಿ ಖರೀದಿಯ ನಂತರವೂ ಫಲಿತಾಂಶವನ್ನು 'ಮೊದಲಿಗಿಂತ ಪರವಾಗಿಲ್ಲ' ಎಂಬ ಮಾನದಲ್ಲಿ ಅಳೆಯಲಾಯಿತು. ಪರವಾಗಿಲ್ಲ ಎನ್ನುವುದು ಶುಕ್ರವಾರದವರೆಗೆ ಬಾಳಿಕೆ ಬರುತ್ತಿತ್ತು.

ಇಷ್ಟೆಲ್ಲ ಕೊಂಡವರು ಇಂಡೆಕ್ಸನ್ನು ಏಕೆ ಹಾಕಿಸಲಿಲ್ಲ? ವ್ಯಾಪಾರಿಯ ಮನಸ್ಸು ತಿಳಿಯದವರು ಮಾತ್ರ ಈ ಪ್ರಶ್ನೆ ಕೇಳುತ್ತಾರೆ. ಸ್ವಿಚ್ಚಿಗೆ ಬಿಲ್ಲಿದೆ. ಬಿಲ್ಲಿನ ಮೇಲೆ ನೂರಕ್ಕೆ 18ರ ಜಿಎಸ್‌ಟಿ ಇದೆ, ಅದಕ್ಕೆ ಇನ್‌ಪುಟ್ ಕ್ರೆಡಿಟ್ ಸಿಗುತ್ತದೆ. ಕಂಪ್ಯೂಟರಿಗೆ ಆದಾಯ ತೆರಿಗೆಯಲ್ಲಿ ವರ್ಷಕ್ಕೆ ನೂರಕ್ಕೆ 40ರ ಸವಕಳಿ ತೋರಿಸಬಹುದು. ಆಯುಧಪೂಜೆಯ ದಿನ ಸ್ವಿಚ್ಚಿಗೆ ವಿಭೂತಿ ಬಳಿದು ಕುಂಕುಮ ಇಡಬಹುದು. ಇಂಡೆಕ್ಸಿಗೆ ಎಲ್ಲಿ ಕುಂಕುಮ ಇಡುತ್ತೀರಿ? ಅದು ಪಾರ್ಟಿ ಕೋಡಿನ ಪಕ್ಕದಲ್ಲಿ 'ಇಲ್ಲ' ಎಂದಿರುವುದನ್ನು 'ಹೌದು' ಮಾಡುವ ಕೆಲಸ. ಅದಕ್ಕೆ ಬಿಲ್ಲಿಲ್ಲ, ಪೆಟ್ಟಿಗೆಯಿಲ್ಲ, ಪೆಟ್ಟಿಗೆಯೊಳಗೆ ಥರ್ಮೋಕೋಲ್ ಇಲ್ಲ. ಬಿಲ್ಲಿಲ್ಲದೆ ವಾಸಿಯಾದರೆ ಅದು ಕಾಯಿಲೆಯೇ ಆಗಿರಲಿಲ್ಲ ಎಂದಾಗುತ್ತದೆ, ಇಷ್ಟು ದಿನ ಖರ್ಚು ಮಾಡಿದವರ ಗತಿಯೇನು?

ಈಗ ಎಎಂಸಿಯ, ಅಂದರೆ ವಾರ್ಷಿಕ ನಿರ್ವಹಣಾ ಗುತ್ತಿಗೆಯ, ಎಂಜಿನಿಯರ್ ವಿಚಾರ. ದೂರು ಕೊಟ್ಟರೆ ಆತ ಬರುತ್ತಾನೆ, ಬರುವುದಿಲ್ಲ ಎಂದು ನಾನು ಹೇಳಿದರೆ ಅನ್ಯಾಯವಾದೀತು. ಬರುವುದು ಮಾತ್ರ ಸಂಜೆ ಏಳಕ್ಕೆ. ಹಗಲು ಯಂತ್ರಗಳನ್ನು ಬಿಟ್ಟುಕೊಡಲು ಯಾರಿಗೂ ಪುರುಸೊತ್ತಿಲ್ಲವಲ್ಲ. ಏಳಕ್ಕೆ ಯಜಮಾನರೊಬ್ಬರ ಹೊರತು ಎಲ್ಲರೂ ಮನೆಯ ಕಡೆಯ ಲೋಕಲ್ ರೈಲು ಹಿಡಿದಿರುತ್ತಾರೆ. ಎಂಜಿನಿಯರ್ ಖಾಲಿ ಕಚೇರಿಯಲ್ಲಿ ಒಂದು ಯಂತ್ರದ ಮುಂದೆ ಕೂತು ಫೈಲು ತೆರೆಯುತ್ತಾನೆ. ಅದು ಬಾಣದ ಹಾಗೆ ಹಾರುತ್ತದೆ. "ಫಾಸ್ಟಾ ದಾನೇ ಇರುಕ್ಕು ಸಾರ್?" ಎಂದು ಕೇಳಿ, ಷೀಟಿನ ಮೇಲೆ 'ತೊಂದರೆ ನಿವಾರಿಸಲಾಗಿದೆ' ಎಂದು ಬರೆದು ಸಹಿ ಹಾಕಿಸಿಕೊಂಡು ಹೋಗುತ್ತಾನೆ. ಆತ ಸುಳ್ಳು ಹೇಳುತ್ತಿಲ್ಲ. ಒಬ್ಬನೇ ತೆರೆದಾಗ ಅದು ನಿಜಕ್ಕೂ ವೇಗ.

ಈ ಒಂದು ಸಂಗತಿಯ ಮೇಲೆ ಆ ಕಚೇರಿಯಲ್ಲಿ ನಡೆದ ರಾಜಕೀಯವನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ನೆಟ್‌ವರ್ಕಿನ ಫೈಲೊಂದನ್ನು ಒಬ್ಬನೇ ತೆರೆದಿದ್ದರೆ ವಿಂಡೋಸ್ ಅವನಿಗೆ ಒಂದು ಸಲುಗೆ ಕೊಡುತ್ತದೆ: ಓದಿದ್ದನ್ನು ನಿನ್ನ ಯಂತ್ರದಲ್ಲೇ ಇಟ್ಟುಕೋ, ಮತ್ತೆ ಮತ್ತೆ ಬಂದು ಕೇಳಬೇಡ, ಬರೆದದ್ದನ್ನು ಒಟ್ಟು ಮಾಡಿ ಆಮೇಲೆ ಕಳಿಸಿದರೂ ನಡೆದೀತು. ಆಪ್‌ಲಾಕ್ ಎಂದು ಇದಕ್ಕೆ ಹೆಸರು. ಎರಡನೆಯವನು ಅದೇ ಫೈಲು ತೆರೆದ ಕ್ಷಣ ಸಲುಗೆ ರದ್ದು. ಅಲ್ಲಿಂದಾಚೆಗೆ ಇಬ್ಬರೂ ಪ್ರತಿ ತುಂಡಿಗೂ ಸರ್ವರಿನವರೆಗೆ ಹೋಗಿ ಕೇಳಿ ಬರಬೇಕು. ಮೂರನೆಯವನು, ಹನ್ನೆರಡನೆಯವನು ಬಂದಾಗ ಆಗುವ ನಿಧಾನಕ್ಕಿಂತ ಎರಡನೆಯವನು ಬಂದಾಗ ಆಗುವ ಧಕ್ಕೆ ದೊಡ್ಡದು.

ಇದು ಆ ಕಚೇರಿಯವರಿಗೆ ಗೊತ್ತಿರಲಿಲ್ಲ, ಆದರೆ ಕಣ್ಣಿಗೆ ಕಂಡಿತ್ತು. ಬೆಳಿಗ್ಗೆ ಒಂಬತ್ತಕ್ಕೆ ಅಕೌಂಟೆಂಟರು ಬರುತ್ತಾರೆ, ಫೈಲು ಓಡುತ್ತದೆ. ಒಂಬತ್ತೂ ಇಪ್ಪತ್ತಕ್ಕೆ ಗೋಡೌನ್ ಸೂಪರ್‌ವೈಸರ್ ಬಂದು ಕಂಪ್ಯೂಟರ್ ಹಾಕುತ್ತಾನೆ, ಫೈಲು ಕುಂಟುತ್ತದೆ. ದಿನವೂ ಹೀಗೇ. ಇನ್ನೇನು ಸಾಕ್ಷಿ ಬೇಕು? ಮೊದಲು ಅವನ ಕಂಪ್ಯೂಟರಿಗೆ ವೈರಸ್ ಎಂದರು, ಫಾರ್ಮ್ಯಾಟ್ ಮಾಡಿಸಿದರು. ಹೊಸದು ಕೊಡಿಸಿದರು. ಕೂರುವ ದಿಕ್ಕು ಸರಿಯಿಲ್ಲವೆಂದು ಮೈಲಾಪುರದಿಂದ ಬಂದ ವಾಸ್ತುವಿನವರು ಹೇಳಿದ್ದರಿಂದ ಮೇಜನ್ನು ಈಶಾನ್ಯಕ್ಕೆ ತಿರುಗಿಸಿದರು. ಕೊನೆಗೆ ಅವನನ್ನು ಹತ್ತು ಗಂಟೆಗೆ ಬಾ ಎಂದರು. ಮರುದಿನ ಒಂಬತ್ತೂ ಕಾಲಿಗೆ ಬಿಲ್ಲಿಂಗಿನ ಹುಡುಗಿ ಬಂದಳು, ಫೈಲು ಕುಂಟಿತು. ಪಾಪ, ಸೂಪರ್‌ವೈಸರನನ್ನು ಬಿಟ್ಟ ದೋಷ ಅವಳಿಗೆ ಅಂಟಿಕೊಂಡಿತು. ಆ ಕಚೇರಿಯಲ್ಲಿ ಎರಡನೆಯವನಾಗಿ ಬರಲು ಈಗ ಯಾರೂ ಒಪ್ಪುವುದಿಲ್ಲ. ಒಂಬತ್ತೂ ಇಪ್ಪತ್ತರ ಹೊತ್ತಿಗೆ ಕೆಳಗೆ ಬೀದಿಯಲ್ಲಿ ಹನ್ನೊಂದು ಮಂದಿ ನಿಂತು, ನೀನು ಹತ್ತು, ನೀನು ಹತ್ತು ಎಂದು ಒಬ್ಬರನ್ನೊಬ್ಬರು ಮೆಟ್ಟಿಲಿಗೆ ತಳ್ಳುತ್ತಿರುತ್ತಾರೆ.

ಒಳಗೆ ಯಾರಿದ್ದಾರೆ ಎಂದು ತಿಳಿಯಲು ಒಂದು ದಾರಿ ಇದೆ. ಫೈಲು ತೆರೆದೊಡನೆ ಅದರ ಪಕ್ಕದಲ್ಲೇ ಒಂದು ಲಾಕ್ ಫೈಲು ಹುಟ್ಟುತ್ತದೆ. ಒಳಗೆ ಹೋದ ಪ್ರತಿಯೊಬ್ಬರ ಯಂತ್ರದ ಹೆಸರು, ಬಳಕೆದಾರರ ಹೆಸರು ಅದರಲ್ಲಿ ಬರೆಯಲ್ಪಡುತ್ತವೆ. ಕೊನೆಯವನು ಹೊರಬಂದಾಗ ತಾನಾಗಿ ಅಳಿಯುತ್ತದೆ. ತುಂಬಾ ಒಳ್ಳೆಯ ವ್ಯವಸ್ಥೆಯೆಂದು ಯಜಮಾನರು ಅದನ್ನು ನೋಟ್‌ಪ್ಯಾಡಿನಲ್ಲಿ ತೆರೆಸಿ, ಕನ್ನಡಕ ಹಾಕಿಕೊಂಡು ಕೂತರು. ಮೊದಲನೆಯವನ ಹೆಸರು ಅಡ್ಮಿನ್. ಎರಡನೆಯವನದು ಅಡ್ಮಿನ್. ಹನ್ನೆರಡೂ ಅಡ್ಮಿನ್. ಬೇರೆ ಏರ್ಪಾಡು ಮಾಡದಿದ್ದರೆ ಆಕ್ಸೆಸ್ ಎಲ್ಲರನ್ನೂ ಈ ಹೆಸರಿನಿಂದಲೇ ಕರೆಯುತ್ತದೆ. "ಅಡ್ಮಿನ್ ನಾನಲ್ಲವಾ?" ಎಂದು ಯಜಮಾನರು ಕೇಳಿದ ದನಿಯಲ್ಲಿ ನೋವಿತ್ತು. ಯಂತ್ರದ ಹೆಸರುಗಳಿಂದಲೂ ಉಪಯೋಗವಾಗಲಿಲ್ಲ. ಅಗ್ಗಕ್ಕೆ ಸಿಕ್ಕಿದ ಸೆಕೆಂಡ್‌ಹ್ಯಾಂಡ್ ಯಂತ್ರಗಳು, ಹಿಂದಿನ ಮಾಲೀಕರ ಹೆಸರನ್ನೇ ಹೊತ್ತಿದ್ದವು. ಆ ಪಟ್ಟಿಯ ಪ್ರಕಾರ ನಮ್ಮ ಪಾತ್ರೆ ಅಂಗಡಿಯ ಲೆಕ್ಕವನ್ನು ಆ ಹೊತ್ತಿನಲ್ಲಿ ಒಂದು ದಂತ ಚಿಕಿತ್ಸಾಲಯವೂ ಒಂದು ಟ್ಯುಟೋರಿಯಲ್ ಕಾಲೇಜೂ ನೋಡುತ್ತಿದ್ದವು.

ಬೀಗದ ಇನ್ನೊಂದು ಮಹಿಮೆ ಊಟದ ಹೊತ್ತಿಗೆ ಕಾಣುತ್ತದೆ. ಒಂದು ಸಾಲನ್ನು ತಿದ್ದಲು ಶುರುಮಾಡಿದರೆ ಅದರ ಎಡಗಡೆ ಸಣ್ಣ ಪೆನ್ಸಿಲ್ ಚಿತ್ರ ಮೂಡುತ್ತದೆ. ಅದೇ ಸಾಲಿಗೆ ಬಂದ ಉಳಿದವರಿಗೆ ಅಡ್ಡಗೆರೆ ಎಳೆದ ವೃತ್ತ. ಸೋದರಳಿಯ ಹಾಗೆ ಏರ್ಪಾಡು ಮಾಡಿಟ್ಟಿದ್ದಾನೆ. ಸ್ಟಾಕಿನವನು ಇಡ್ಲಿ ಸ್ಟೀಮರಿನ ದರ ತಿದ್ದುತ್ತಾ ಅರ್ಧಕ್ಕೆ ಎದ್ದು ಮೊಸರನ್ನದ ಡಬ್ಬಿ ಬಿಚ್ಚಲು ಹೋದ. ಪೆನ್ಸಿಲು ಅಲ್ಲೇ ಉಳಿಯಿತು. ಕೊಯಮತ್ತೂರಿನಿಂದ ಬಂದ ಗಿರಾಕಿಗೆ ಸ್ಟೀಮರ್ ಮಾರಲು ಇಡೀ ಕಚೇರಿ ಅವನು ಉಪ್ಪಿನಕಾಯಿ ಚೀಪಿ ಮುಗಿಸುವುದನ್ನೇ ಕಾಯಿತು.

ಹುಡುಕಾಟದ ಕಥೆ ಬೇರೆ. ಹೆಸರಿನ ಇಂಡೆಕ್ಸು ಎಂಬುದು ಮೊದಲ ಅಕ್ಷರದಿಂದ ಜೋಡಿಸಿಟ್ಟ ಪಟ್ಟಿ. ತಮಿಳುನಾಡಿನಲ್ಲಾಗಲಿ ಕರ್ನಾಟಕದಲ್ಲಾಗಲಿ ಹೋಟೆಲುಗಳ ಮೊದಲ ಅಕ್ಷರ ಯಾವುದು? ಶ್ರೀ. ಅದಕ್ಕೆ ಇಂಗ್ಲಿಷಿನಲ್ಲಿ ನಾಲ್ಕು ಕಾಗುಣಿತ. ಶ್ರೀ ಅಲ್ಲದವರು ನ್ಯೂ, ನ್ಯೂ ಅಲ್ಲದವರು ಮೆಸರ್ಸ್. ಹೀಗಾಗಿ ಲಕ್ಷ್ಮಿ ಭವನವನ್ನು ಹುಡುಕಲು ಎಲ್ಲರೂ 'ಹೆಸರಿನಲ್ಲಿ ಎಲ್ಲಾದರೂ ಲಕ್ಷ್ಮಿ ಇದ್ದರೆ ತಾ' ಎಂದು ಮುಂದೊಂದು ಹಿಂದೊಂದು ನಕ್ಷತ್ರ ಹಾಕಿ ಕೇಳುತ್ತಾರೆ. ಮುಂದೆ ನಕ್ಷತ್ರ ಬಿತ್ತೆಂದರೆ ಚೀಟಿ ಇದ್ದರೂ ಕೆಲಸಕ್ಕೆ ಬಾರದು. ಸಾವಿರಾರು ಪಾರ್ಟಿಗಳನ್ನು ಒಂದೊಂದಾಗಿ ಕರೆಸಿ, ನಿಮ್ಮಲ್ಲಿ ಲಕ್ಷ್ಮಿ ಇದ್ದಾಳೆಯೇ ಎಂದು ವಿಚಾರಿಸಬೇಕು. ಪಾರ್ಟಿಗೊಂದು ಕೋಡ್ ನಂಬರ್ ಇದೆ, ಅದನ್ನು ಒತ್ತಿದರೆ ಸಾಕು. ಆದರೆ ಗಿರಾಕಿಯನ್ನು ನಂಬರಿನಿಂದ ಗುರುತಿಸುವುದು ಮರ್ಯಾದೆಯಲ್ಲ ಎಂದು ಆ ಕಚೇರಿಯಲ್ಲಿ ಸಂಪ್ರದಾಯ.

ಸಂಪ್ರದಾಯ ಎಂದಾಗ ತಿಮ್ಮಪ್ಪನ ವಿಚಾರ ಬರುತ್ತದೆ. ಸೋದರಳಿಯ ಫೈಲಿನ ಮೊದಲ ಪುಟದಲ್ಲಿ ತಿರುಪತಿ ವೆಂಕಟರಮಣನ ಬಣ್ಣದ ಚಿತ್ರ ಇಟ್ಟಿದ್ದಾನೆ, ಪರದೆ ತುಂಬ, ಆಭರಣ ಸಮೇತ. ಹಳೆಯ ಆಕ್ಸೆಸ್ಸು ಚಿತ್ರವನ್ನು ನುಂಗಿದರೆ ಅದನ್ನು ಹಿಗ್ಗಿಸಿ, ಮೂಲಕ್ಕಿಂತ ಎಷ್ಟೋ ಪಟ್ಟು ಭಾರ ಮಾಡಿ ಇಟ್ಟುಕೊಳ್ಳುತ್ತದೆ. ಲೆಕ್ಕವೂ ಫಾರ್ಮುಗಳೂ ಒಂದೇ ಫೈಲಿನಲ್ಲಿರುವುದರಿಂದ ಬೆಳಿಗ್ಗೆ ಹನ್ನೆರಡು ಮಂದಿ ಫೈಲು ತೆರೆದಾಗ ಸ್ವಾಮಿ ಹನ್ನೊಂದು ಸಲ ಕೇಬಲ್ಲಿನಲ್ಲಿ ಬಿಜಯಂಗೈಯಬೇಕು. ನಿಧಾನಕ್ಕೆ ಇದೂ ಒಂದು ಕಾರಣ ಎಂದು ಗೊತ್ತಿದ್ದವರಿದ್ದರು. ಬಾಯಿ ಬಿಟ್ಟವರಿರಲಿಲ್ಲ.

ನ್ಯಾಯವಾಗಿ ಹೇಳಬೇಕೆಂದರೆ, ಒಮ್ಮೆ ತಪ್ಪು ನಿಜಕ್ಕೂ ಹೊರಗಿನಿಂದ ಬಂದಿತ್ತು. 2018ರ ಏಪ್ರಿಲ್ ಕೊನೆಗೆ ವಿಂಡೋಸ್ 10ಕ್ಕೆ 1803 ಎಂಬ ಅಪ್‌ಡೇಟ್ ಬಂತು. ಅದು ಬಂದ ಮೇಲೆ ನೆಟ್‌ವರ್ಕಿನಲ್ಲಿ ಹಂಚಿಕೊಂಡ ಆಕ್ಸೆಸ್ ಫೈಲುಗಳು ಜಗತ್ತಿನ ನಾನಾ ಕಡೆ ಕೆಟ್ಟು, ಡೇಟಾಬೇಸು ಅಸಂಗತ ಸ್ಥಿತಿಯಲ್ಲಿದೆ ಎಂಬ ಸಂದೇಶ ಕೊಡತೊಡಗಿದವು. ಮೊದಲೇ ಹೇಳಿದ ಸಲುಗೆ ಇದೆಯಲ್ಲ, ಅದರ ಹೊಸ ಅವತಾರವಾದ ಲೀಸಿಂಗ್‌ ಎಂಬುದನ್ನು ಫೈಲಿರುವ ಯಂತ್ರದಲ್ಲಿ ನಿಲ್ಲಿಸಿ ಎಂದು ಮೈಕ್ರೋಸಾಫ್ಟೇ ಪರಿಹಾರ ಸೂಚಿಸಿತು. ಇಲ್ಲಿ ಅಷ್ಟರಲ್ಲಿ ಮೇ ತಿಂಗಳು, ಕತ್ತಿರಿ ವೆಯಿಲು. ಬಿಸಿಲಿಗೆ ಡಾಂಬರೇ ಕರಗುವಾಗ ಡೇಟಾ ಕರಗುವುದಿಲ್ಲವೇ ಎಂದು ಕಚೇರಿ ಒಮ್ಮತದಿಂದ ತೀರ್ಮಾನಿಸಿತು. ಅಕೌಂಟೆಂಟರ ಕಂಪ್ಯೂಟರಿನ ನೆತ್ತಿಗೆ ಸರಿಯಾಗಿ ಒಂದೂವರೆ ಟನ್ನಿನ ಏಸಿ ಕೂರಿಸಿದರು. ಫೈಲು ಕೆಡುತ್ತಲೇ ಇತ್ತು, ಅಕೌಂಟೆಂಟರಿಗೆ ನೆಗಡಿಯಾಯಿತು. ಕೆಲವು ವಾರಗಳ ಮೇಲೆ ಯಾರೋ ಪುಣ್ಯಾತ್ಮ ಲೀಸಿಂಗ್ ನಿಲ್ಲಿಸಿ ಹೋದ. ಆ ವಾರವೇ ಸಂಜೆ ಒಂದು ಮಳೆಯೂ ಬಿತ್ತು. ಏಸಿಯ ಕೀರ್ತಿಯಲ್ಲಿ ಮಳೆಗೂ ಸ್ವಲ್ಪ ಪಾಲು ಸಿಕ್ಕಿತು.

ಕೊನೆಗೆ ರೋಗಕ್ಕೆ ಮದ್ದರೆದವಳು ಬಿಲ್ಲಿಂಗಿನ ಹುಡುಗಿ. ಬಿ.ಕಾಂ. ಮಾಡಿಕೊಂಡು ವ್ಯಾಸರ್ಪಾಡಿಯಿಂದ ಬರುತ್ತಿದ್ದವಳು. ನಿತ್ಯ ಬೈಗುಳ ತಿನ್ನುತ್ತಿದ್ದವಳು ಅವಳೇ ಆದ್ದರಿಂದ ಕಾರಣ ತಿಳಿಯುವ ಅಗತ್ಯವಿದ್ದದ್ದೂ ಅವಳೊಬ್ಬಳಿಗೆ. ಲೆಕ್ಕ ತಪಾಸಣೆಯ ಒಂದು ಭಾನುವಾರ ಕಚೇರಿ ತೆರೆದಿತ್ತು, ಜನ ಇರಲಿಲ್ಲ. ನ್ಯೂಜೆರ್ಸಿಗೆ ಹೋಗಿದ್ದ ಪಾಸ್‌ವರ್ಡ್ ಅವಳಿಗೆ ಎರಡನೆಯ ಯತ್ನಕ್ಕೇ ಸಿಕ್ಕಿತು. ಅಂಗಡಿಯ ಬೋರ್ಡಿನ ಮೇಲೆ ಮೂರು ಅಡಿ ಅಕ್ಷರದಲ್ಲಿ ಬರೆದಿದ್ದ ದೇವರ ಹೆಸರೇ ಅದು. ಮೊದಲು ಫೈಲಿನ ನಕಲು ತೆಗೆದಿಟ್ಟಳು. ಆಮೇಲೆ ಅದನ್ನು ಎರಡಾಗಿ ಒಡೆದಳು: ಲೆಕ್ಕದ ಪಟ್ಟಿಗಳು ಸರ್ವರಿನಲ್ಲಿ, ಫಾರ್ಮುಗಳು ಪ್ರತಿಯೊಬ್ಬರ ಯಂತ್ರದಲ್ಲಿ. ಪಾರ್ಟಿ ಕೋಡಿಗೂ ಬಿಲ್ಲಿನ ತಾರೀಖಿಗೂ ಇಂಡೆಕ್ಸ್ ಹಾಕಿದಳು. ಯಾವುದೇ ಪಟ್ಟಿ ತೆರೆದರೂ ಅದರ ನೆಂಟರಿಷ್ಟರ ಪಟ್ಟಿಗಳನ್ನೆಲ್ಲ ತಾನಾಗಿ ಎಳೆದುತರುವ ಸಬ್‌ಡೇಟಾಶೀಟ್ ಎಂಬ ಚಾಳಿಯೊಂದಿತ್ತು, ಅದನ್ನು ಬಿಡಿಸಿದಳು. ಲಾಕ್ ಫೈಲು ಗಳಿಗೆಗೊಮ್ಮೆ ಹುಟ್ಟಿ ಸಾಯುವುದು ತಪ್ಪಲೆಂದು, ಬೆಳಿಗ್ಗೆ ತೆರೆದು ಸಂಜೆಯವರೆಗೆ ಸರ್ವರಿನ ಸಂಪರ್ಕ ಹಿಡಿದುಕೊಂಡೇ ಇರುವ, ಕಣ್ಣಿಗೆ ಕಾಣದ ಒಂದು ಫಾರ್ಮು ಮಾಡಿಟ್ಟಳು. ಕಾಂಪ್ಯಾಕ್ಟ್ ಒತ್ತಿದಳು, ಅಳಿಸಿದ ಹಳೇ ಸಾಲುಗಳು ಆಕ್ರಮಿಸಿಕೊಂಡಿದ್ದ ಜಾಗವೆಲ್ಲ ಖಾಲಿಯಾಗಿ ಫೈಲು ಸೊರಗಿತು. ಸ್ಲೀಪ್ ತೆಗೆದಳು. ತಿಮ್ಮಪ್ಪನನ್ನು ಅವಳು ಮುಟ್ಟಲಿಲ್ಲ, ಮುಟ್ಟಬೇಕಾಗಿಯೂ ಇರಲಿಲ್ಲ. ಫಾರ್ಮುಗಳ ಜೊತೆ ಅವನೂ ಪ್ರತಿ ಯಂತ್ರದಲ್ಲಿ ನೆಲೆಸಿದ, ಕೇಬಲ್ಲಿನಲ್ಲಿ ಓಡಾಡುವ ಶ್ರಮ ತಪ್ಪಿತು. ಖರ್ಚು: ಒಂದು ಬನ್ನು, ಎರಡು ಟೀ. ಸ್ವಂತ ದುಡ್ಡು.

ಸೋಮವಾರ ಬೆಳಿಗ್ಗೆ ಫೈಲು ಓಡಿತು. ಒಂಬತ್ತೂ ಇಪ್ಪತ್ತಕ್ಕೂ ಓಡಿತು. ಎರಡನೆಯವನು ಬಂದ ಸುದ್ದಿಯೇ ಯಾರಿಗೂ ತಿಳಿಯಲಿಲ್ಲ.

ಅದೇ ಸೋಮವಾರ ಇನ್ನೊಂದು ಘಟನೆಯೂ ಆಗಿತ್ತು. ಶನಿವಾರ ಸಂಜೆ ರಿಚಿ ಸ್ಟ್ರೀಟಿನಿಂದ ದೊಡ್ಡ ಯುಪಿಎಸ್ಸು ಬಂದಿಳಿದಿತ್ತು. ವೋಲ್ಟೇಜು ಸರಿಯಿಲ್ಲದ್ದರಿಂದ ಡೇಟಾ ನಿಧಾನಕ್ಕೆ ಹರಿಯುತ್ತಿದೆ ಎಂಬುದು ಎಎಂಸಿಯವರ ಹೊಸ ಸಿದ್ಧಾಂತ. ಸೋಮವಾರ ಎಂಟೂವರೆಗೆ ಅದಕ್ಕೆ ಚಂದನ ಹಚ್ಚಿ, ನಿಂಬೆಹಣ್ಣು ಕುಯ್ದಿಟ್ಟು, ಕರ್ಪೂರ ಬೆಳಗಿ ಚಾಲೂ ಮಾಡಿದ್ದರು. ಒಂಬತ್ತಕ್ಕೆ ಫಲ ಕಂಡಿತು. ಇದಕ್ಕಿಂತ ನೇರವಾದ ಕಾರ್ಯಕಾರಣ ಸಂಬಂಧವನ್ನು ತರ್ಕಶಾಸ್ತ್ರದಲ್ಲೂ ತೋರಿಸಲಾಗದು. ಹುಡುಗಿ ಬಾಯಿ ತೆರೆದು, "ಸಾರ್, ಅದು ವಂದು, ನೇತ್ತು ನಾನ್..." ಎಂದು ಶುರುಮಾಡಿದಳು. ಅಕೌಂಟೆಂಟರು ನಡುವೆ ಬಂದು, "ಭಾನುವಾರ ನನ್ನ ಕಂಪ್ಯೂಟರ್ ಮುಟ್ಟಿದೆಯಾ?" ಎಂದು ಕೇಳಿದರು. ಹುಡುಗಿ ಬಾಯಿ ಮುಚ್ಚಿದಳು. ತಿಂಗಳ ಕೊನೆಗೆ ಎಎಂಸಿಯ ಬಿಲ್ಲಿನಲ್ಲಿ 'ಪರ್ಫಾರ್ಮೆನ್ಸ್ ಟ್ಯೂನಿಂಗ್' ಎಂಬ ಹೊಸ ಬಾಬತ್ತು ಸೇರಿತ್ತು. ಯಜಮಾನರು ಸಂತೋಷದಿಂದಲೇ ಪಾಸು ಮಾಡಿದರು.

ಫೈಲಿಗೆ ವೇಗ ಬಂದ ಸುದ್ದಿ ಅಂಬತ್ತೂರಿನ ಗೋಡೌನಿಗೂ ತಲುಪಿತು. ಅಲ್ಲಿಯವರು ಇಷ್ಟು ದಿನ ಫೋನಿನಲ್ಲಿ ಸ್ಟಾಕು ಹೇಳುತ್ತಿದ್ದರು, ಹುಡುಗಿ ಬರೆದುಕೊಳ್ಳುತ್ತಿದ್ದಳು. ಅದು ಮಾತ್ರ ಆ ಕಚೇರಿಯಲ್ಲಿ ಎಂದೂ ನಿಧಾನವಾಗದೆ ನಡೆದ ವ್ಯವಸ್ಥೆ. ಯಜಮಾನರು ಎಂಜಿನಿಯರನ್ನು ಕರೆಸಿದರು. ಈ ಸಲ ಹಗಲಿನಲ್ಲೇ ಬಂದ.

"ಈಗ ಹೇಗೂ ಫಾಸ್ಟ್ ಉಂಟಲ್ಲ. ಅಂಬತ್ತೂರಿನವರೂ ಇದೇ ಫೈಲನ್ನೇ ಓಪನ್ ಮಾಡಲಿ. ಅಲ್ಲಿ ಆರು ಮಂದಿ. ಕೇಬಲ್ ಎಳೆಯುವುದು ಬೇಡ, ವೈಫೈಯಲ್ಲೇ ಆಗುತ್ತದಲ್ಲ?"

ಹುಡುಗಿ ಬಿಲ್ಲು ಹೊಡೆಯುವುದನ್ನು ನಿಲ್ಲಿಸಿ ಇತ್ತ ತಿರುಗಿದಳು. ವೈಫೈ ಒಮ್ಮೆ ಎಡವಿದರೆ, ಬರೆಯುತ್ತಿದ್ದ ಸಾಲು ಅರ್ಧಕ್ಕೆ ತುಂಡಾಗಿ ಇಡೀ ಫೈಲೇ ಕೆಡಬಹುದು ಎಂದು ಆ ಕೋಣೆಯಲ್ಲಿ ಅವಳೊಬ್ಬಳಿಗೆ ಗೊತ್ತಿತ್ತು.

"ಪಣ್ಣಿಡಲಾಂ ಸಾರ್" ಎಂದ ಎಂಜಿನಿಯರ್, ಮಾಡಿಬಿಡುವ ಎಂಬ ಧಾಟಿಯಲ್ಲಿ ಕೊಟೇಷನ್ ಪುಸ್ತಕ ಬಿಚ್ಚುತ್ತಾ. "ರೌಟರ್ ರೆಂಡು ವೇಣುಂ. ಇನ್ನೊಂದು ಯುಪಿಎಸ್. ಜಿಎಸ್‌ಟಿ ಎಕ್ಸ್‌ಟ್ರಾ."